ಒಂದು ಬಾಟಲಿ ಮದ್ಯಸಾರಕ್ಕೆ ಇಬ್ಬರು ಸಾಕ್ಷಿ

ನಾನು ಕುಡಿಯುವವನಲ್ಲ. ಯಾರೂ ಕೇಳುವ ಮೊದಲೇ ಹೀಗೆ ಹೇಳಿಕೊಳ್ಳುವವರ ಮೇಲೆ ಜನರಿಗೆ ಅನುಮಾನ ಹೆಚ್ಚು ಎಂಬುದು ನನಗೆ ಗೊತ್ತಿದೆ. ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳಲಿರುವುದೆಲ್ಲ ಆ ಮಾತಿಗೆ ವಿರುದ್ಧವಾಗಿಯೇ ಕಾಣುತ್ತದೆ. ಚಿತ್ತಾಪುರದಲ್ಲಿ ಒಂದು ದೀಪಾವಳಿಗೂ ಅದರ ಮುಂದಿನ ಯುಗಾದಿಗೂ ನಡುವೆ ಒಂದು ಬಾಟಲಿ ಶುದ್ಧ ಆಲ್ಕೊಹಾಲನ್ನು, ಒಂದು ಹನಿ ನೀರು ಬೆರೆಸದೆ, ನಾನೊಬ್ಬನೇ ಖಾಲಿ ಮಾಡಿದ್ದೇನೆ. ಅದರಲ್ಲಿ ಒಂದು ತೊಟ್ಟೂ ನನ್ನ ನಾಲಿಗೆಗೆ ತಾಗಲಿಲ್ಲ. ಆದರೆ ಚಟ ಮಾತ್ರ ಸರಿಯಾಗಿಯೇ ಹತ್ತಿತು.

ಜನರಲ್ಲಿ ಕೆಲವರಿರುತ್ತಾರೆ, ಕಾರಣವಿಲ್ಲದೆ ಇನ್ನೊಬ್ಬರ ಮನೆಗೆ ಹೋಗಬಲ್ಲವರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಏನಿಲ್ಲ, ಸುಮ್ನೆ ಬಂದೆ" ಎಂದು ಒಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ಕುಳಿತು, ಊಟದ ಹೊತ್ತಾದರೂ ಏಳದೆ, ಕೊನೆಗೆ ಉಂಡೇ ಹೋಗುವವರು. ಅವರನ್ನು ಮನೆಯವರು ಹಿಂದಿನಿಂದ ಬೈಯುತ್ತಾರೆ, ನಿಜ. ಆದರೆ ನಾಲ್ಕು ದಿನ ಬರದಿದ್ದರೆ ವಿಚಾರಿಸುತ್ತಾರೆ. ನಾನು ಆ ಜಾತಿಯವನಲ್ಲ. ನನಗೆ ಒಬ್ಬರ ಮನೆಯ ಬಾಗಿಲು ತಟ್ಟಬೇಕಾದರೆ ಕೈಯಲ್ಲಿ ಒಂದು ಕೆಲಸ ಬೇಕು, ಸಾಧ್ಯವಾದರೆ ಒಂದು ಕಾಗದವೂ ಬೇಕು. ಧಾರವಾಡದಲ್ಲಿ ಓದುತ್ತಿದ್ದಾಗ ಸೋದರತ್ತೆಯ ಮನೆಗೆ ಹೋಗಲು ಸಹ ಅಣ್ಣನಿಂದ ಒಂದು ಚೀಟಿ ಬರೆಸಿಕೊಂಡು ಹೋಗುತ್ತಿದ್ದೆ. ಅತ್ತೆ ಚೀಟಿಯನ್ನು ಒಲೆಗೆ ಹಾಕಿ, ರೊಟ್ಟಿ ಬಡಿಸುತ್ತಿದ್ದಳು.

ಇಂಥವನು ಚಿತ್ತಾಪುರಕ್ಕೆ ಬಂದದ್ದು ನಿಜಾಮರ ಆಡಳಿತ ಮುಗಿದು, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬಂದ ಹೊಸತರಲ್ಲಿ. ಕನ್ನಡದಲ್ಲಿ ವಿಜ್ಞಾನ ಕಲಿಸುವವರು ಬೇಕಾಗಿದ್ದಾರೆ ಎಂದು ಕೇಳಿ ಅರ್ಜಿ ಹಾಕಿದೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿ, ಒಂದು ಟ್ರಂಕು ಒಂದು ಹಾಸಿಗೆ ಸುರುಳಿಯೊಂದಿಗೆ ಇಳಿದೆ. ಆಗ ನನಗೆ ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ತಂದೆತಾಯಿ ತೀರಿಕೊಂಡಿದ್ದರು, ಅಣ್ಣ ವರ್ಷಕ್ಕೆ ಎರಡು ಕಾರ್ಡು ಬರೆಯುತ್ತಿದ್ದ. ಒಂದು ಕೋಣೆ ಹಿಡಿದೆ. ನೆಲಕ್ಕೆ ಶಹಾಬಾದಿ ಪರಸಿ, ಮಾಡಿಗೂ ಶಹಾಬಾದಿ ಪರಸಿ. ಬಿಸಿಲುಗಾಲದಲ್ಲಿ ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಸೇರಿ ನನ್ನನ್ನು ಬೇಯಿಸುತ್ತಿದ್ದವು. ಸಂಜೆ ಶಾಲೆ ಬಿಟ್ಟ ಮೇಲೆ ಸ್ಟೇಷನ್ನಿನವರೆಗೆ ನಡೆದು ಹೋಗಿ, ಸೇಡಮ್ಮಿನ ಕಡೆ ಹೋಗುವ ಗಾಡಿ ನೋಡಿ ತಿರುಗಿ ಬರುತ್ತಿದ್ದೆ. ಹೀಗೆ ಎರಡು ವರ್ಷ ಕಳೆದವು. ಊರು ನನಗೆ ಒಗ್ಗಿದೆ, ನಾನು ಊರಿಗೆ ಒಗ್ಗಿದ್ದೇನೆ ಎಂದೇ ನಾನು ತಿಳಿದಿದ್ದೆ.

ಹಾಗಲ್ಲ ಎಂದು ತಿಳಿದದ್ದು ಸ್ಪಿರಿಟ್ ದೀಪದ ದೆಸೆಯಿಂದ. ನಮ್ಮ ಶಾಲೆಯ ಪ್ರಯೋಗಶಾಲೆಯೆಂದರೆ ಒಂದು ಕಪಾಟು. ಅದರಲ್ಲಿ ಆರು ಗಾಜಿನ ನಳಿಕೆ, ಒಂದು ಅಯಸ್ಕಾಂತ, ಎರಡು ಪಿಂಗಾಣಿ ಬಟ್ಟಲು, ಒಂದು ಸ್ಪಿರಿಟ್ ದೀಪ. ದೀಪ ಇತ್ತು, ಬತ್ತಿ ಇತ್ತು, ಸ್ಪಿರಿಟ್ ಇರಲಿಲ್ಲ. ಎರಡು ವರ್ಷ ನಾನು ಉರಿಯದ ದೀಪದ ಮೇಲೆ ನಳಿಕೆ ಹಿಡಿದು, "ಈಗ ಇದು ಕಾದಿದೆ ಎಂದು ತಿಳಿಯಿರಿ" ಎಂದು ಪಾಠ ಮಾಡಿದೆ. ಹುಡುಗರು ಒಳ್ಳೆಯವರು, ತಿಳಿಯುತ್ತಿದ್ದರು. ಕೊನೆಗೆ ನನಗೇ ನಾಚಿಕೆಯಾಗಿ ಹೆಡ್ಮಾಸ್ತರರ ಬಳಿ ಹೋದೆ. ಅವರು ಲಿಂಗಪೂಜೆಯಾಗದೆ ನೀರೂ ಮುಟ್ಟದವರು. ಸ್ಪಿರಿಟ್ ಎಂದರೆ ಏನೆಂದು ಕೇಳಿದರು. ನಾನು ಮುಚ್ಚುಮರೆಯಿಲ್ಲದೆ ಹೇಳಿದೆ. ಅವರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿದರು.

"ವಿದ್ಯಾ ಬೇಕ್ರಿ, ಇಲ್ಲ ಅನ್ನಲ್ಲ," ಎಂದರು. "ಆದ್ರ ಅಬಕಾರಿ ಕಚೇರ್ಯಾಗ ನನ್ನ ಹೆಸರು ಹೋಗೋದು ಬ್ಯಾಡ. ಮನ್ಯಾಗ ಹಿರಿಯರದಾರ, ಮಠಕ್ಕ ನಡಕೋತೀವಿ. ನೀವು ನಿಮ್ಮ ಹೆಸರಿಲೆ ತಗೋರಿ. ನಿಮಗೇನು, ಒಬ್ಬರೇ ಇದ್ದೀರಿ, ಕೇಳೋರು ಯಾರದಾರ?"

ಅವರು ಅದನ್ನು ಅನುಕೂಲದ ಮಾತಾಗಿ ಹೇಳಿದರು. ನಾನೂ ಹಾಗೆಯೇ ಕೇಳಿಸಿಕೊಂಡು ಹೊರಗೆ ಬಂದೆ. ಕೇಳುವವರು ಯಾರಿದ್ದಾರೆ ಎಂಬ ಮಾತು ಅಂಗಳದವರೆಗೂ ನನ್ನ ಜೊತೆಯಲ್ಲೇ ಬಂತು.

ಅಬಕಾರಿ ಕಚೇರಿಯಲ್ಲಿ ಶಿವಶರಣಪ್ಪ ಎಂಬ ಗುಮಾಸ್ತರಿದ್ದರು. ಕಾಯಿದೆಗೆ ಬಿಟ್ಟರೆ ಇನ್ನಾವುದಕ್ಕೂ ಬಗ್ಗದ ಮನುಷ್ಯ. ಶಾಲೆಗಳಿಗೆ ಕನ್ನಡ ಬಂದಿದ್ದರೂ ಕಚೇರಿಯ ಫಾರಮ್ಮುಗಳು ಇನ್ನೂ ಉರ್ದುವಿನಲ್ಲೇ ಇದ್ದವು. ಹಳೆಯ ಕಟ್ಟುಗಳು ಮುಗಿಯುವವರೆಗೆ ಹೊಸದು ಅಚ್ಚಾಗುವಂತಿರಲಿಲ್ಲ. ನನಗೆ ಉರ್ದು ಒಂದಕ್ಷರವೂ ಬಾರದು. ಅವರೇ ಓದಿ ಹೇಳಿದರು: ವಸ್ತುವಿನ ಹೆಸರು, ಅದರ ಅರ್ಥ, ಅದರ ಉಪಯೋಗ. ಹೆಸರಿನ ಮನೆಯಲ್ಲಿ ನಾನು 'ಎಥೈಲ್ ಆಲ್ಕೊಹಾಲ್' ಎಂದು ಬರೆಸಿದೆ.

"ಇದ್ರ ಅರ್ಥ?"

"ಎರಡು ಇಂಗಾಲ, ಆರು ಜಲಜನಕ, ಒಂದು ಆಮ್ಲಜನಕ ಕೂಡಿದ್ದು," ಎಂದೆ.

ಅವರು ಈ ಮೂವರು ಯಾವ ಊರಿನವರು ಎಂದು ವಿಚಾರಿಸುವವರ ಹಾಗೆ ನನ್ನನ್ನು ನೋಡಿದರು. "ಅದೆಲ್ಲ ಇರ್ಲಿ. ಕುಡುದ್ರ ನಿಶೆ ಏರ್ತದೇನು?"

"ಏರ್ತದ್ರಿ."

"ಹಂಗಾರ ಸೆರೆ ಅಂತ ಬರೀತೀನಿ."

ಸೆರೆ ಬೇರೆ, ಸೆರೆಯೊಳಗಿನ ಆಲ್ಕೊಹಾಲ್ ಬೇರೆ ಎಂದು ನಾನು ಪಾಠ ಸುರುಮಾಡಿದೆ. ಹೊಸ ಪಠ್ಯದಲ್ಲಿ ಇದಕ್ಕೆ ಒಳ್ಳೆಯ ಕನ್ನಡ ಶಬ್ದವೇ ಬಂದಿದೆ, 'ಮದ್ಯಸಾರ' ಎಂದು, ಅದನ್ನೇ ಬರೆಯಿರಿ ಎಂದೆ. ಇದು ನನ್ನ ತಪ್ಪು. ಶಿವಶರಣಪ್ಪನವರು ಲೇಖನಿ ಕೆಳಗಿಟ್ಟರು. ಬರೀ ಮದ್ಯಕ್ಕಾದರೆ ತಾವೇ ನೋಡಿಕೊಳ್ಳಬಹುದಿತ್ತು, ಸಾರಕ್ಕಾದರೆ ಗುಲ್ಬರ್ಗಾದ ದೊಡ್ಡ ಸಾಹೇಬರನ್ನು ಕೇಳಬೇಕಾಗುತ್ತದೆ ಎಂದರು. ಅರ್ಧ ಗಂಟೆ ಚರ್ಚೆಯಾಗಿ, ಅರ್ಥದ ಮನೆಯಲ್ಲಿ 'ದೀಪದ ಔಷಧ' ಎಂದು ಬರೆಯುವುದಕ್ಕೆ ಇಬ್ಬರೂ ಒಪ್ಪಿದೆವು. ರಸಾಯನಶಾಸ್ತ್ರಕ್ಕೆ ನಾನು ಮಾಡಿದ ಮೊದಲ ದ್ರೋಹ ಅದು. ಉಪಯೋಗದ ಮನೆಯಲ್ಲಿ 'ಮಕ್ಕಳಿಗೆ ಪ್ರಯೋಗ ತೋರಿಸಲು' ಎಂದು ಬರೆಸಿ, ಇನ್ನು ಮುಗಿಯಿತು ಎಂದು ಎದ್ದೆ.

"ಕುಂದ್ರಿ, ಸಾಕ್ಷಿ ಉಳದದ," ಎಂದರು ಶಿವಶರಣಪ್ಪ. "ಊರಾಗಿನ ಇಬ್ಬರು ಸಹಿ ಮಾಡ್ಬೇಕು. ಇವರನ್ನ ನಾವು ಪೂರಾ ಬಲ್ಲೆವು, ಇವರು ಕುಡಿಯೋರಲ್ಲ ಅಂತ. ಹೊರಗಿಂದ ಬಂದ ನೌಕರಿ ಮಂದಿ ನಡೆಯಲ್ಲ. ಇಲ್ಲೇ ಹುಟ್ಟಿ ಬೆಳದೋರು ಬೇಕು. ಎರಡು ವರ್ಷ ಆತಲ್ರಿ ನೀವು ಬಂದು? ಇಬ್ಬರೇನು, ಇಪ್ಪತ್ತು ಮಂದಿ ಸಿಗ್ತಾರ."

ಇಪ್ಪತ್ತು ಮಂದಿಯಲ್ಲಿ ಮೊದಲನೆಯವರಾಗಿ ನನ್ನ ಮನೆಯ ಮಾಲಕ ಗುರಪ್ಪನವರ ಬಳಿ ಹೋದೆ. ನನ್ನ ಕೋಣೆಗೂ ಅವರ ಮನೆಗೂ ಒಂದೇ ಗೋಡೆ. ಅವರು ಕೆಟ್ಟವರಲ್ಲ, ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಹಳ ಹೊತ್ತು ಯೋಚನೆ ಮಾಡಿದರು.

"ಮಾಸ್ತರ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಬಗ್ಗೆ ನನಗೇನು ಗೊತ್ತದ ಹೇಳ್ರಿ? ಸಂಜಿಗಿ ದೀಪ ಹಚ್ತೀರಿ, ಆಮ್ಯಾಲ ಆರಿಸ್ತೀರಿ. ನಡುವ ಒಳಗ ಏನ್ ಮಾಡ್ತೀರಿ, ಖರೇ ಹೇಳ್ಬೇಕಂದ್ರ, ನನಗ ಗೊತ್ತಿಲ್ಲ. ಒಂದು ದಿನ ಜಗಳಾಡಿದ್ರೂ ದನಿ ಆದ್ರೂ ಕೇಳಸ್ತಿತ್ತು."

ಜಗಳವಾಡಲಾದರೂ ಒಬ್ಬರು ಬೇಕಲ್ಲ ಎಂದು ನಾನು ಹೇಳಲಿಲ್ಲ. ಕೋಣೆಗೆ ಬಂದು ಎರಡು ವರ್ಷದಲ್ಲಿ ನಾನು ಮಾತನಾಡಿದವರ ಪಟ್ಟಿಯನ್ನು ಮನಸ್ಸಿನಲ್ಲೇ ಹಾಕಿದೆ. ಅಗಸನಿಗೆ "ನಾಳೆ ಬಾ" ಎಂದಿದ್ದೆ. ಕ್ಷೌರಿಕನಿಗೆ "ಸಣ್ಣಗೆ ಮಾಡು" ಎಂದಿದ್ದೆ. ಖಾನಾವಳಿಯವರಿಗೆ "ಸಾಕು" ಎಂದಿದ್ದೆ. ಇದಿಷ್ಟನ್ನು ಹಿಡಿದು ಯಾರಾದರೂ ನನ್ನನ್ನು ಪೂರಾ ಬಲ್ಲೆವು ಎಂದು ಬರೆದುಕೊಡುವುದು ಕಷ್ಟವೇ. ನಾಳೆ ನಾನು ಈ ಊರಿನಲ್ಲಿ ಇಲ್ಲವಾದರೆ ಅಗಸನಿಗೆ ಎರಡು ಅಂಗಿ ಉಳಿಯುತ್ತವೆ, ಅಷ್ಟೆ ಎಂದು ಅನ್ನಿಸಿತು. ಆ ಸಂಜೆ ನನಗೆ ನಿಜವಾಗಿ ಸಂಕಟವಾಯಿತು. ಸ್ಪಿರಿಟ್ಟಿನ ಮಾತು ಹಿಂದಾಯಿತು, ಇಬ್ಬರು ಸಿಗುತ್ತಾರೋ ಇಲ್ಲವೋ ಎಂಬುದೇ ಮುಂದಾಯಿತು.

ಮೊದಲ ಸಾಕ್ಷಿ ಸಿಕ್ಕಿದ್ದು ನಾನು ನಿರೀಕ್ಷಿಸದ ಕಡೆ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ನರಸಯ್ಯನ ಸೇಂದಿ ಅಂಗಡಿ ಇತ್ತು. ಈಚಲ ಮರದ ಕಳ್ಳಿಗೆ ಆ ಕಡೆ ಸೇಂದಿ ಎನ್ನುತ್ತಾರೆ. ತಡಿಕೆ ಕಟ್ಟಿದ ಅಂಗಳ, ಸಾಲಾಗಿ ಮಡಕೆ, ನೆಲದ ಮೇಲೆ ಗುಂಪುಗುಂಪಾಗಿ ಕುಳಿತ ಜನ. ಮರುದಿನ ಸಂಜೆ ಕೈಯಲ್ಲಿ ಫಾರಮ್ಮು ಹಿಡಿದು ಅದರ ಮುಂದೆ ಹಾಯುತ್ತಿದ್ದಾಗ ನರಸಯ್ಯನೇ ಹೊರಗೆ ಬಂದ. ಊರೆಲ್ಲ ಆ ಹೊತ್ತಿಗೆ ಸುದ್ದಿಯಾಗಿತ್ತು: ಮಾಸ್ತರರಿಗೆ ಸಾಕ್ಷಿ ಸಿಗುತ್ತಿಲ್ಲವಂತೆ.

"ಕೊಡ್ರಿ ಇಲ್ಲಿ, ನಾ ಮಾಡ್ತೀನಿ ಸಹಿ," ಎಂದ.

ನಾನು ತಡವರಿಸಿದೆ. ನಾನು ಕುಡಿಯುವವನಲ್ಲ ಎಂಬುದಕ್ಕೆ ಸೇಂದಿ ಮಾರುವವನ ಸಾಕ್ಷಿಯೇ ಎಂದು ನಯವಾಗಿ ಕೇಳಿದೆ.

"ಮತ್ಯಾರು ಹೇಳ್ಬೇಕ್ರಿ?" ಎಂದ ನರಸಯ್ಯ. "ಗುಡಿ ಪೂಜಾರಿಗೆ ಗೊತ್ತದೇನು ಯಾರು ಕುಡೀತಾರ, ಯಾರು ಕುಡಿಯಲ್ಲ ಅಂತ? ಊರಾಗ ಕುಡಿಯೋರ ಪೈಕಿ ಒಬ್ಬೊಬ್ಬರೂ ನನಗ ಗೊತ್ತು. ಹಗಲಿ ಬರೋರು, ಕತ್ತಲದಾಗ ಬರೋರು, ಹಿತ್ತಲ ಬಾಗಲಿಗಿ ಚೊಂಬು ಕಳಸೋರು. ನೀವು ಅದ್ರಾಗಿಲ್ಲ. ಎರಡು ವರ್ಷ ದಿನಾ ನೋಡ್ಲಿಕತ್ತೀನಿ. ಇಲ್ಲಿ ಬಂದಾಗ ನಡಗಿ ಸಣ್ಣ ಮಾಡ್ತೀರಿ, ಒಳಗ ನೋಡ್ತೀರಿ. ಮಡಕಿ ನೋಡಲ್ಲ, ಕುಂತ ಮಂದೀನ ನೋಡ್ತೀರಿ. ಆಮ್ಯಾಲ ಟೇಶನ್ನಿಗಿ ಹೋಗ್ತೀರಿ. ಯಾರನ್ನೂ ಕರಕೊಂಡು ಬರಲ್ಲ, ಯಾರನ್ನೂ ಕಳಸಿ ಬರಲ್ಲ. ಸುಮ್ನ ತಿರುಗಿ ಬರ್ತೀರಿ."

ನಾನು ಅಂಗಡಿಯ ಮುಂದೆ ನಡಿಗೆ ನಿಧಾನ ಮಾಡುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಒಬ್ಬ ಮನುಷ್ಯ ಎರಡು ವರ್ಷ ನನ್ನನ್ನು ನೋಡುತ್ತಿದ್ದ ಎಂದು ತಿಳಿದು ಒಂದು ಕಡೆ ನಾಚಿಕೆಯಾಯಿತು, ಇನ್ನೊಂದು ಕಡೆ, ಸುಳ್ಳು ಯಾಕೆ, ಸಂತೋಷವೂ ಆಯಿತು. ನರಸಯ್ಯ ತೆಲುಗಿನಲ್ಲಿ ದೊಡ್ಡದಾಗಿ ಸಹಿ ಮಾಡಿದ. ಶಿವಶರಣಪ್ಪನವರು ತಕರಾರು ಮಾಡಬಹುದೆಂದು ನನಗೆ ಹೆದರಿಕೆಯಿತ್ತು. ಅವರು ಸಹಿ ನೋಡಿದ್ದೇ ಗೌರವದಿಂದ ತಲೆಯಾಡಿಸಿದರು. ಅಬಕಾರಿ ಕಚೇರಿಯಲ್ಲಿ ಅಷ್ಟು ಗುರುತಿನ ಸಹಿ ಊರಿನಲ್ಲಿ ಇನ್ನೊಂದಿರಲಿಲ್ಲ.

ಎರಡನೆಯ ಸಾಕ್ಷಿಗೆ ನಾನು ಹೋದದ್ದು ಮೌಲವಿ ಸಾಹೇಬರ ಬಳಿ. ಅವರು ನಮ್ಮ ಶಾಲೆಯ ಉರ್ದು ಮಾಸ್ತರರು, ಚಿತ್ತಾಪುರದಲ್ಲೇ ಹುಟ್ಟಿ ಬೆಳೆದವರು. ಹಿಂದೆ ಶಾಲೆಯ ಎಲ್ಲ ಪಾಠವೂ ಉರ್ದುವಿನಲ್ಲಿದ್ದಾಗ ಲೆಕ್ಕ, ಚರಿತ್ರೆ ಎಲ್ಲವೂ ಅವರದೇ. ಈಗ ವಾರಕ್ಕೆ ಕೆಲವು ತಾಸು ಮಾತ್ರ ಉಳಿದಿತ್ತು. ಮಾಸ್ತರರ ಕೋಣೆಯಲ್ಲಿ ಉದ್ದನೆಯ ಮೇಜಿನ ಆ ತುದಿಗೆ ಅವರು, ಈ ತುದಿಗೆ ನಾನು. ಬೆಳಿಗ್ಗೆ ಅವರು ಹಣೆಗೆ ಕೈ ಮುಟ್ಟಿಸುತ್ತಿದ್ದರು, ನಾನು ಕೈ ಮುಗಿಯುತ್ತಿದ್ದೆ. ಎರಡು ವರ್ಷದಲ್ಲಿ ನಮ್ಮ ನಡುವಿನ ವ್ಯವಹಾರ ಅಷ್ಟೇ. ಅವರು ಸುಮ್ಮನೆ ಸಹಿ ಮಾಡಿಕೊಡುತ್ತಾರೆ ಎಂದು ನನಗೆ ಧೈರ್ಯವಿತ್ತು, ಒಂದೇ ಮೇಜಿನವರಲ್ಲವೇ.

ಅವರು ಕನ್ನಡಕ ಹಾಕಿಕೊಂಡು ಫಾರಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ನನ್ನಿಂದ ಆಗಲ್ರಿ, ಮಾಸ್ತರ ಸಾಬ್. ಇದ್ರಾಗ ಪೂರಾ ಬಲ್ಲೆ ಅಂತ ಅದ. ನಾ ನಿಮ್ಮನ್ನ ಬಲ್ಲೆನೇನು? ನಿಮ್ಮ ತಂದಿ ಹೆಸರು ನನಗ ಗೊತ್ತಿಲ್ಲ. ನೀವೇನ್ ಉಣ್ತೀರಿ ಗೊತ್ತಿಲ್ಲ. ನಿಮಗ ಜ್ವರ ಬಂದ್ರ ಯಾರಿಗಿ ಹೇಳಿ ಕಳಸ್ತೀರಿ, ಅದೂ ಗೊತ್ತಿಲ್ಲ. ಝೂಟಿ ಗವಾಹಿ ಗುನಾಹ್ ಅದ, ಪಾಪ ಅದು, ಸುಳ್ಳು ಸಾಕ್ಷಿ ನಾ ಹೇಳಲ್ಲ."

ನಾನು ಫಾರಮ್ಮನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ.

"ಎಂಟು ದಿನ ಬರ್ರಿ ಮನಿಗಿ, ಸಂಜಿಗಿ," ಎಂದರು. "ಕುಂದ್ರಿ, ಮಾತಾಡ್ರಿ, ಚಾ ಕುಡೀರಿ. ಎಂಟು ದಿನದಾಗ ಮನಷ್ಯ ಹ್ಯಾಂಗದಾನ ತಿಳೀತದ. ಆಮ್ಯಾಲ ಮಾಡ್ತೀನಿ ಸಹಿ."

ಹೀಗೆ ಸರ್ಕಾರಿ ಕೆಲಸದ ಮೇಲೆ ನಾನು ಎಂಟು ಸಂಜೆ ಮೌಲವಿ ಸಾಹೇಬರ ಮನೆಗೆ ಹೋದೆ. ಕೈಯಲ್ಲಿ ಕೆಲಸವೊಂದಿದ್ದುದರಿಂದ ಬಾಗಿಲು ತಟ್ಟುವಾಗ ಸ್ವಲ್ಪವೂ ಸಂಕೋಚವಾಗಲಿಲ್ಲ. ಅಂಗಳದಲ್ಲಿ ಬೇವಿನ ಮರ, ಅದರ ಕೆಳಗೆ ನವಾರಿನ ಮಂಚ. ಒಳಗಿನ ಬಾಗಿಲಿಗೆ ಪರದೆ, ಪರದೆಯ ಹಿಂದೆ ಅವರ ಹೆಂಡತಿ. ಮೊದಲ ದಿನ ಜ್ವರದ ಪ್ರಶ್ನೆಯನ್ನೇ ಅವರು ಮತ್ತೆ ಕೇಳಿದರು. ಯೋಚಿಸಿ ನೋಡಿ, "ಯಾರಿಗೂ ಇಲ್ಲ, ಬಾಗಿಲು ಹಾಕಿಕೊಂಡು ಮಲಗ್ತೀನಿ" ಎಂದೆ. ಪರದೆಯ ಹಿಂದಿನಿಂದ ಹೆಂಗಸಿನ ದನಿ ಬಂತು: "ಜೋಳದ ರೊಟ್ಟಿ ತಿಂತಾರೇನು ಕೇಳ್ರಿ." ಅವರು ಕೇಳಿದರು, ನಾನು ಹೌದೆಂದೆ. "ಹಂಗಾರ ನಾಳಿಗಿ ಉಪವಾಸ ಬರ್ಲಿಕ್ಕಿ ಹೇಳ್ರಿ," ಎಂದಿತು ದನಿ. ಲಿಂಗವಂತರ ಮನೆಯಿಂದ ಬಂದವನು ನಾನು, ಊಟಕ್ಕೆ ಅನುಮಾನಿಸಬಹುದೆಂದು ಅವರು ಮರುದಿನ ಪಕ್ಕದ ಮನೆಯ ಗೌರಮ್ಮನವರಿಂದ ರೊಟ್ಟಿ ಪುಂಡಿಪಲ್ಲೆ ಮಾಡಿಸಿ ತರಿಸಿದ್ದರು. ನಾನು ಇದಾವುದನ್ನೂ ತಿಳಿಯದೆ ನಾಲ್ಕು ರೊಟ್ಟಿ ತಿಂದೆ.

ಎರಡನೆಯ ದಿನವೋ ಮೂರನೆಯ ದಿನವೋ ಫಾರಮ್ಮಿನ ಮಾತು ಬಂತು. 'ದೀಪದ ಔಷಧ' ಎಂದು ಓದಿ ಅವರಿಗೆ ನಗು. ನಿಮ್ಮ ಆಲ್ಕೊಹಾಲ್ ನಿಜವಾಗಿ ಯಾವ ಭಾಷೆಯ ಶಬ್ದ ಗೊತ್ತೇ ಎಂದು ಕೇಳಿದರು. ಇಂಗ್ಲಿಷ್ ಎಂದೆ. ಅಲ್ಲ, ಅರಬ್ಬಿ ಎಂದರು. ಕುಹ್ಲ್ ಎಂದರೆ ಸುರಮಾ, ಕಣ್ಣಿಗೆ ಹಚ್ಚುವ ಕಪ್ಪು. 'ಅಲ್' ಅರಬ್ಬಿಯಲ್ಲಿ ಹೆಸರಿನ ಮೊದಲಿಗೆ ಸೇರುವ ಪದ, ಇಂಗ್ಲಿಷಿನ 'ದಿ' ಇದ್ದ ಹಾಗೆ. ನುಣ್ಣಗೆ ಅರೆದ ಪುಡಿಗೆ ಮೊದಲು ಆ ಹೆಸರು, ಆಮೇಲೆ ಬಟ್ಟಿಯಿಳಿಸಿ ತೆಗೆದ ಸಾರಕ್ಕೂ ಅದೇ ಹೆಸರು ಹೊಂದಿಕೊಂಡಿತಂತೆ. ನಾನು ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇಡೀ ರಸಾಯನಶಾಸ್ತ್ರದಲ್ಲಿ ನನಗಿಂತ ಒಂದು ಶಬ್ದ ಹೆಚ್ಚು ಬಲ್ಲವರು ಎರಡು ವರ್ಷ ಅದೇ ಮೇಜಿನ ಆ ತುದಿಯಲ್ಲಿ ಕುಳಿತಿದ್ದರು. ಇದನ್ನು ಅವರಿಗೆ ಹೇಳಿದೆ. "ನೀವು ಹೊಸ ಭಾಷಾ ತಗೊಂಡು ಬಂದ್ರಿ, ನಾ ಹಳೇ ಭಾಷಾದಾಗ ಉಳದೆ," ಎಂದರು. "ಯಾರೂ ಏನೂ ಕೇಳಲ್ಲ ಈಗ. ಕೇಳಿದ್ರ ಹೇಳ್ತಿದ್ದೆ."

ಎಂಟನೆಯ ದಿನ ಅವರು ಸಹಿ ಮಾಡಿದರು. ಬಲದಿಂದ ಎಡಕ್ಕೆ ಅವರ ಕೈ ಸರಿಯುವುದನ್ನು ನೋಡುತ್ತ, ಇನ್ನೊಂದು ಎರಡು ದಿನ ತಡ ಮಾಡಬಾರದಿತ್ತೇ ಎಂದು ನನಗೆ ಅನ್ನಿಸಿತು. ವಾರದೊಳಗೆ ಗುಲ್ಬರ್ಗಾದಿಂದ ಅರಗಿನ ಮುದ್ರೆ ಹಾಕಿದ ಬಾಟಲಿ ಬಂತು. ದೀಪ ಉರಿಯಿತು. ಹುಡುಗರು ನಿಜವಾದ ಬೆಂಕಿ ಕಂಡು ಬೆರಗಾದರು.

ಮರುದಿನ ಸಂಜೆ ಅಭ್ಯಾಸಬಲದಿಂದ ಮೌಲವಿ ಸಾಹೇಬರ ಮನೆಯ ಕಡೆ ಹೊರಟೆ. ಓಣಿಯ ತಿರುವಿನಲ್ಲಿ ನಿಂತೆ. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳುವುದು? ಸಹಿ ಆಗಿದೆ, ಬಾಟಲಿ ಬಂದಿದೆ. ಒಂದು ಫಾರಮ್ಮಿಲ್ಲ, ಒಂದು ಪ್ರಶ್ನೆಯಿಲ್ಲ. ತಿರುಗಿ ಬಂದೆ. ಮರುದಿನವೂ ತಿರುವಿನವರೆಗೆ ಹೋಗಿ ತಿರುಗಿ ಬಂದೆ. ಶಾಲೆಯಲ್ಲಿ ಅವರು ಹಣೆಗೆ ಕೈ ಮುಟ್ಟಿಸಿ ಏನೋ ಕೇಳುವವರ ಹಾಗೆ ನೋಡುತ್ತಿದ್ದರು, ನಾನು ಕೈ ಮುಗಿದು ಪಾಠಕ್ಕೆ ಓಡುತ್ತಿದ್ದೆ. ಸಂಜೆ ಮತ್ತೆ ಸ್ಟೇಷನ್ನು, ಮತ್ತೆ ಸೇಡಮ್ಮಿನ ಗಾಡಿ. ಆ ಎಂಟು ದಿನದ ಮೊದಲು ನನ್ನ ಕೋಣೆ ಬರೀ ಕೋಣೆಯಾಗಿತ್ತು. ಈಗ ಅದು ಖಾಲಿ ಕೋಣೆಯೆಂದು ತಿಳಿಯತೊಡಗಿತು. ಪೂರಾ ತಿಳಿಯದಿದ್ದರೇ ಸುಖವಾಗಿತ್ತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬಾಟಲಿ. ಅದು ಮುಗಿದರೆ ಹೊಸ ಅರ್ಜಿ ಹಾಕಬೇಕು. ಹೊಸ ಅರ್ಜಿಗೆ ಹೊಸದಾಗಿ ಇಬ್ಬರು ಸಾಕ್ಷಿ ಬೇಕು. ಮೊದಲು ಅದು ತಾನಾಗಿ ಮುಗಿಯಲಿ ಎಂದು ಕಾದೆ. ಸ್ಪಿರಿಟ್ ದೀಪ ಕುಡಿಯುವುದು ಬಹಳ ಕಡಿಮೆ, ಆ ಲೆಕ್ಕದಲ್ಲಿ ಹತ್ತು ವರ್ಷ ಬೇಕಾಗಿತ್ತು. ಪಠ್ಯದಲ್ಲಿ ಬಾಷ್ಪೀಕರಣದ ಪಾಠವಿತ್ತು: ಕೆಲವು ದ್ರವಗಳು ತೆರೆದಿಟ್ಟರೆ ಕಾಯಿಸದೆಯೇ ಆರಿಹೋಗುತ್ತವೆ. ಪಿಂಗಾಣಿ ಬಟ್ಟಲಿಗೆ ಸ್ವಲ್ಪ ಸುರಿದು ಕಿಟಕಿಯಲ್ಲಿಟ್ಟು ಹುಡುಗರಿಗೆ ತೋರಿಸಿದೆ. ಚೆನ್ನಾಗಿ ತಿಳಿಯಿತು ಎಂದರು. ತಿಳಿದಿಲ್ಲ ಎಂದು ನಾನು ಹಟ ಹಿಡಿದು ಮರುದಿನ ಮತ್ತೆ ತೋರಿಸಿದೆ. ಎಲ್ಲ ತರಗತಿಗಳಿಗೂ ತೋರಿಸಿದೆ, ಭೂಗೋಳದ ತಾಸು ಖಾಲಿಯಿದ್ದರೆ ಅದನ್ನೂ ಇಸಿದುಕೊಂಡು ತೋರಿಸಿದೆ. ಆ ವರ್ಷ ಆ ಶಾಲೆಯ ಹುಡುಗರಿಗೆ ಬಾಷ್ಪೀಕರಣ ಬಂದಷ್ಟು ಚೆನ್ನಾಗಿ ಬೇರೇನೂ ಬರಲಿಲ್ಲ. ಆಮೇಲೆ ಪಾಠದ ನೆಪವನ್ನೂ ಬಿಟ್ಟೆ. ಶಾಲೆ ಬಿಟ್ಟ ಮೇಲೆ ಒಬ್ಬನೇ ಕುಳಿತು ಎರಡು ಬಟ್ಟಲು ತುಂಬಿ ಕಿಟಕಿಯಲ್ಲಿಟ್ಟು, ಅದು ಆರಿಹೋಗುವುದನ್ನು ನೋಡುತ್ತಿದ್ದೆ. ಯುಗಾದಿಗೆ ನಾಲ್ಕು ದಿನ ಮುಂಚೆ ಬಾಟಲಿ ಬರಿದಾಯಿತು.

ಶಿವಶರಣಪ್ಪನವರು ಬರಿದಾದ ಬಾಟಲಿಯನ್ನೂ ನನ್ನ ಮುಖವನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರು. "ಎಲ್ಲಿ ಹೋತ್ರಿ ಇಷ್ಟೆಲ್ಲ?" ಎಂದರು. ಹಾರಿಹೋಯಿತು ಎಂದೆ. ಅದು ಶಾಸ್ತ್ರೀಯವಾಗಿ ಸತ್ಯ. ಅವರು ಹತ್ತಿರ ಬಂದು ನನ್ನ ಬಾಯಿಯ ವಾಸನೆ ನೋಡುವ ಪ್ರಯತ್ನ ಮಾಡಿ, ಸಿಗದೆ, ಬೇಸರದಿಂದ ಫಾರಮ್ಮು ಕೊಟ್ಟರು. ನರಸಯ್ಯ ಓದದೆಯೇ ಸಹಿ ಹಾಕಿದ. ಅಂದು ಸಂಜೆ ನಾನು ತಲೆ ಬಾಚಿಕೊಂಡು, ಒಗೆದ ಅಂಗಿ ತೊಟ್ಟು, ಫಾರಮ್ಮು ಹಿಡಿದು ಓಣಿಯ ತಿರುವನ್ನು ದಾಟಿದೆ.

ಮೌಲವಿ ಸಾಹೇಬರು ಬೇವಿನ ಮರದ ಕೆಳಗೆ ಒಬ್ಬರೇ ಕುಳಿತಿದ್ದರು. ಫಾರಮ್ಮು ನೋಡಿದರು, ನನ್ನನ್ನು ನೋಡಿದರು.

"ನಿಮ್ಮ ಕಿಟಕಿ ದಾಟಿ ಗಾಳಿ ನನ್ನ ಕ್ಲಾಸಿಗಿ ಬರ್ತದ, ಮಾಸ್ತರ ಸಾಬ್," ಎಂದರು. "ಮೂರು ತಿಂಗಳಿಂದ ವಾಸನಿ ತಗೋಳಿಕತ್ತೀನಿ. ಮೊದಲು ಪಾಠ ಅಂದ್ಕೊಂಡೆ. ಶಾಲಿ ಬಿಟ್ಟ ಮ್ಯಾಲನೂ ಬಂತು. ಖರೇ ಹೇಳ್ರಿ, ಯಾಕ?"

ನಾನು ಖರೇ ಹೇಳಿದೆ. ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು, ತಲೆ ಎತ್ತಲಾಗಲಿಲ್ಲ. ಕೇಳಿ ಅವರು ನಗಲಿಲ್ಲ.

"ಈ ಮನಿ ಬಾಗಲ ಹಾಕಿತ್ತೇನು?" ಎಂದು ಕೇಳಿದರು. "ನಾನೂ ಹೊರಗ ಮಂಚ ಹಾಕೊಂಡು ಕುಂದ್ರತಿದ್ದೆ. ಇವತ್ತು ಬರ್ತಾರ, ನಾಳಿಗಿ ಬರ್ತಾರ ಅಂತ. ನಿಮ್ಮ ಕೋಣಿಗಿ ಬರ್ಲಿಕ್ಕಿ ನನಗೂ ಕಾರಣ ಸಿಗಲಿಲ್ಲ," ಎಂದರು.

ಪರದೆಯ ಹಿಂದೆ ಲೋಟದ ಸದ್ದು ನಿಂತಿತು. ನಾನು ಫಾರಮ್ಮನ್ನು ಮಡಚಿ ಎದ್ದೆ. ಅವರು ಅದನ್ನು ಕಿತ್ತುಕೊಂಡರು.

"ಹೋದ ಸಲ ಪೂರಾ ಬಲ್ಲೆ ಅಂತ ಬರದೆ. ಇಂಥಾ ಮನಷ್ಯ ಅಂತ ಗೊತ್ತಿರಲಿಲ್ಲ. ಸುಳ್ಳು ಸಾಕ್ಷಿ ಆತದು. ಇನ್ನೊಂದು ಎಂಟು ದಿನ ಬರಬೇಕಾಗ್ತದ."

ಎಂಟು ದಿನವಾದ ಮೇಲೆ ಅವರು ನನ್ನ ಸಲುವಾಗಿ ಫಾರಮ್ಮನ್ನು ತಾವೇ ಪೂರ್ತಿ ತುಂಬಿದರು, ಉಪಯೋಗದ ಮನೆಯನ್ನೂ ತುಂಬಿ, ಸಹಿ ಹಾಕಿದರು. ಏನು ಬರೆದಿರಿ ಎಂದರೆ, ಖರೇ ಇದ್ದದ್ದು ಬರೆದೆ ಎಂದರು. ಆಮೇಲೆ ನಾನು ಒಂಬತ್ತನೆಯ ದಿನ ಹೋದೆ. ಕಾರಣ ಕೇಳಿದರೆ ಇರಲಿ ಎಂದು, ಉರ್ದು ಕಲಿಯುವುದಕ್ಕೆ ಬಂದೆ ಎಂದೆ. ಅವರು ಕಾರಣ ಕೇಳಿರಲೇ ಇಲ್ಲ. ಆದರೂ ಪಾಟಿ ತರಿಸಿ ಅಲಿಫ್ ಬೇ ಸುರುಮಾಡಿದರು. ನಾಲ್ಕು ವರ್ಷ ನಡೆದ ಆ ಪಾಠದಲ್ಲಿ ನಾನು ಕಲಿತ ಅಕ್ಷರಗಳು ಕಡಿಮೆ, ಕುಡಿದ ಚಹಾ ಹೆಚ್ಚು. ಎರಡನೆಯ ಬಾಟಲಿ, ದೀಪ ಕುಡಿದಷ್ಟು ಬಿಟ್ಟರೆ, ಕಪಾಟಿನಲ್ಲಿ ಹಾಗೆಯೇ ಉಳಿಯಿತು.

ಹೈದರಾಬಾದ್ ರಾಜ್ಯ ಹಂಚಿಹೋಗುತ್ತದಂತೆ ಎಂದು ಜನ ಮಾತನಾಡಿಕೊಳ್ಳುತ್ತಿದ್ದ ಕಾಲಕ್ಕೆ ನನಗೆ ಚಿಂಚೋಳಿಗೆ ವರ್ಗವಾಯಿತು. ಹೊರಡುವ ಮುನ್ನಾದಿನ ಟ್ರಂಕು ತುಂಬುವಾಗ ಆ ಎರಡನೆಯ ಪರವಾನಗಿ ಕೈಗೆ ಸಿಕ್ಕಿತು. ಆ ಹೊತ್ತಿಗೆ ನನಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ಉಪಯೋಗದ ಮನೆಯಲ್ಲಿ ಮೌಲವಿ ಸಾಹೇಬರ ದುಂಡನೆಯ ಬರಹ. ಗಾಫ್, ಫೇ, ತೇ, ಮತ್ತೆ ಗಾಫ್, ವಾವ್. ಗುಫ್ತಗೂ. 'ಮಾತುಕತೆಗಾಗಿ' ಎಂದು ಅವರು ಬರೆದಿದ್ದರು. ಆ ಕಾಗದ ಅಬಕಾರಿ ಕಚೇರಿಯ ಮೂರು ಮೇಜು ದಾಟಿ, ಮೂರು ಠಸ್ಸೆ ಹಾಕಿಸಿಕೊಂಡು, ಶಿವಶರಣಪ್ಪನವರ ಕೈಯಿಂದಲೇ ಮಂಜೂರಾಗಿ ಬಂದಿತ್ತು. ಕಾಯಿದೆಗೆ ಬಿಟ್ಟರೆ ಯಾವುದಕ್ಕೂ ಬಗ್ಗದ ಆ ಮನುಷ್ಯ ಅದನ್ನು ಓದಿಯೇ ಠಸ್ಸೆ ಹಾಕಿರಬೇಕು. ನನ್ನ ಚಟ ಸರ್ಕಾರಕ್ಕೂ ತಿಳಿದಿತ್ತು. ಯಾರಿಗೂ ಗೊತ್ತಿಲ್ಲ ಎಂದು ನಾಲ್ಕು ವರ್ಷ ಪಾಟಿ ಹಿಡಿದು ಓಡಾಡಿದವನು ನಾನೊಬ್ಬನೇ.

ಮರುದಿನ ಮೌಲವಿ ಸಾಹೇಬರು ಬಸ್ಸಿನವರೆಗೆ ಬಂದರು, ನರಸಯ್ಯ ಅಂಗಡಿ ಬಿಟ್ಟು ಬಂದ. ಬಸ್ಸು ಹೊರಟ ಮೇಲೆ ನಾನು ಹಿಂದಿರುಗಿ ನೋಡಲಿಲ್ಲ, ನೋಡಿದ್ದರೆ ಇಳಿದುಬಿಡುತ್ತಿದ್ದೆ. ಸುಲೇಪೇಟದಲ್ಲಿ ಬಸ್ಸು ನಿಂತಾಗ ಚಹಾ ಕುಡಿದೆ, ಸೇರಲಿಲ್ಲ. ಚಿಂಚೋಳಿಯ ಶಾಲೆಯಲ್ಲೂ ಒಂದು ಕಪಾಟು, ಒಂದು ದೀಪ ಇರುತ್ತದೆ. ಪರವಾನಗಿ ಊರಿನಿಂದ ಊರಿಗೆ ನಡೆಯುವುದಿಲ್ಲ ಎಂದು ಶಿವಶರಣಪ್ಪನವರು ಹೇಳಿದ್ದರು. ಚಿಂಚೋಳಿ ಮುಟ್ಟಿ, ಬಿಸಿಲಲ್ಲಿ ಟ್ರಂಕು ಇಳಿಸಿಕೊಂಡೆ. ಶಾಲೆ ಎಲ್ಲಿದೆ, ಖಾನಾವಳಿ ಎಲ್ಲಿದೆ, ಕೋಣೆ ಎಲ್ಲಿ ಸಿಗುತ್ತದೆ ಎಂದು ಇನ್ನೂ ಕೇಳಿರಲಿಲ್ಲ. ಬಸ್ಸಿನ ಬಳಿ ನಿಂತಿದ್ದ ಮೊದಲ ಮನುಷ್ಯನನ್ನು ಹಿಡಿದು, ಅಬಕಾರಿ ಕಚೇರಿಗೆ ದಾರಿ ಯಾವುದೆಂದು ಕೇಳಿದೆ.